ನಿದ್ದೆ ಚೆನ್ನಾಗಿ ಬರುತ್ತಿದೆ, ಚಿಂತೆ ಬೇಡ

ಫೆಬ್ರವರಿ 3

ಇವರಿಗೆ,

ನಿನ್ನೆ ಸಂಜೆ ಬಂದು ಮುಟ್ಟಿದೆ. ಬಸ್ಸು ಬಿಡುವವರೆಗೂ ನೀವು ಕಿಟಕಿಯ ಹೊರಗೆ ನಿಂತು ಏನೋ ಹೇಳುತ್ತಲೇ ಇದ್ದಿರಿ. ಇಂಜಿನ್ನಿನ ಸದ್ದಿನಲ್ಲಿ ನನಗೊಂದೂ ಕೇಳಿಸಲಿಲ್ಲ, ಸುಮ್ಮನೆ ತಲೆಯಾಡಿಸಿದೆ. ಮನೆಯಲ್ಲಿ ನಾನು ಮಾತಾಡುವಾಗ ನೀವು ಮಾಡುವುದೂ ಅದನ್ನೇ ತಾನೆ.

ತಂಗಿ ಫೋನ್ ಮಾಡು ಎಂದಳು. "ನಿನ್ನ ಭಾವನ ಕಿವಿಗೆ ಫೋನು ಕೇಳ್ಸಲ್ಲ ಕಣೆ. ನಾನು ಕೂಗಿದ್ರೆ ನಿನ್ನ ಓಣಿಗೆಲ್ಲ ಕೇಳ್ಸುತ್ತೆ, ಅವರಿಗೆ ಮಾತ್ರ ಕೇಳ್ಸಲ್ಲ" ಎಂದೆ. ಅದಕ್ಕೇ ಈ ಕಾಗದ. ನೀವೂ ಬರೆಯಿರಿ. ಒಂದು ಸಾಲು ಬರೆದು ಕೈ ತೊಳೆದುಕೊಳ್ಳಬೇಡಿ.

ಅವಳ ಮನೆ ಮಹಡಿಯ ಮೇಲೆ, ಎರಡೇ ಕೋಣೆ. ದಿನವಿಡೀ ಆಸ್ಪತ್ರೆಯ ಲಾಂಡ್ರಿಯಲ್ಲಿ ಹಾಸಿಗೆ ಬಟ್ಟೆ ಒಗೆಸಿ, ಮಡಿಸಿ ಬಂದವಳು ದಿಂಬಿಗೆ ತಲೆ ತಾಗಿಸಿದರೆ ಮುಗಿಯಿತು. ಪಕ್ಕದಲ್ಲಿ ಲಾರಿ ಹೋದರೂ ಏಳುವವಳಲ್ಲ. ನಾನೂ ನಿನ್ನೆ ಕೊರಡಿನ ಹಾಗೆ ಬಿದ್ದುಕೊಂಡೆ. ಬೆಳಿಗ್ಗೆ ಕನ್ನಡಿ ನೋಡಿದರೆ ಕೆನ್ನೆಯ ಮೇಲೆ ದಿಂಬಿನ ಗೆರೆ ಮೂಡಿತ್ತು. ಆ ಗೆರೆ ನೋಡಿ ಎಷ್ಟು ಕಾಲವಾಗಿತ್ತೋ.

ಡಾಕ್ಟರು ಹೇಳಿದ್ದು ಸರಿಯೇ ಇರಬೇಕು. "ಮಾತ್ರೆ ಬದಲಾಯಿಸಿ ಏನು ಪ್ರಯೋಜನ ಅಮ್ಮ? ಈ ವಯಸ್ಸಲ್ಲಿ ನಿದ್ದೆ ಕೆಟ್ರೆ ಬಿ.ಪಿ. ಎಲ್ಲಿ ಇಳಿಯುತ್ತೆ? ಒಂದು ಹದಿನೈದು ದಿನ ಎಲ್ಲಾದ್ರೂ ಹೋಗಿ ನೆಮ್ಮದಿಯಾಗಿ ಮಲಗಿ ಬನ್ನಿ" ಎಂದಾಗ ನೀವು ಮುಖ ಸಣ್ಣಗೆ ಮಾಡಿಕೊಂಡಿರಿ. ಅವರೇನೂ ನಿಮ್ಮ ಮೇಲೆ ತಪ್ಪು ಹೊರಿಸಲಿಲ್ಲ. ನೀವು ಬೇಕೆಂದು ಎಚ್ಚರವಾಗಿರುತ್ತೀರಾ? ಆಯುಸ್ಸೆಲ್ಲ ರಾತ್ರಿ ಬ್ರೆಡ್ಡು ಬೇಯಿಸಿದ ಮೈ ಅದು. ನಿವೃತ್ತಿಯಾಯಿತು ಎಂದು ಬೇಕರಿಯ ಸಾಹುಕಾರರು ಹೇಳಿದರೆ ಮೈಗೂ ಅರ್ಥವಾಗಬೇಕಲ್ಲ. ನಡುರಾತ್ರಿ ಪಾತ್ರೆ ಎಷ್ಟು ಸದ್ದು ಮಾಡಿಕೊಂಡು ಇಡುತ್ತೀರೆಂದು ನಿಮಗೆ ಕೇಳಿಸುವುದೂ ಇಲ್ಲ. ನಾನೋ, ಸೂಜಿ ಬಿದ್ದರೂ ಎದ್ದು ಕೂರುವವಳು. ಯಾರನ್ನು ದೂರುವುದು?

ಸಕ್ಕರೆ ಕಾಯಿಲೆಯ ಮಾತ್ರೆ ಕಿಟಕಿಯ ಮೇಲಿದೆ. ಊಟಕ್ಕೆ ಮುಂಚೆ. ಮರೆಯಬೇಡಿ.

ನಿಮ್ಮವಳು


ಫೆಬ್ರವರಿ 11

ಇವಳೇ,

ಕಾಗದ ಬಂತು. ಪೋಸ್ಟಿನವನು ಬಾಗಿಲಿಗೆ ಬಂದದ್ದು ನೋಡಿಯೇ ಟೈಲರ್ ಅಂಗಡಿ ಬಿಟ್ಟು ಬೀದಿ ದಾಟಿ ಬಂದ. "ಅಕ್ಕ ಯಾವಾಗ ಬರ್ತಾರಂತೆ?" ಎಂದು ಕೇಳಿದ. ನೀನಿಲ್ಲದೆ ಅವನಲ್ಲಿ ಕಾಜ ಹೊಲಿಯುವವರು ಯಾರೂ ಇಲ್ಲ. ಗುಂಡಿಯಿಲ್ಲದ ಅಂಗಿಗಳು ಸಾಲಾಗಿ ನೇತಾಡುತ್ತಿವೆ. ಗಿರಾಕಿಯೊಬ್ಬರು ಜೋರು ಮಾಡಿದರೆ, "ಅಕ್ಕ ಬರೋವರೆಗೂ ಎದೆ ಬಿಟ್ಕೊಂಡು ಓಡಾಡಿ ಸ್ವಾಮಿ, ಗಾಳಿ ಬರುತ್ತೆ" ಎಂದನಂತೆ.

ನಿನ್ನ ಕೆನ್ನೆಯ ಗೆರೆಯ ವಿಷಯ ಎರಡು ಸಲ ಓದಿದೆ. ಅವನ ಅಂಗಡಿಯ ಮೆಟ್ಟಿಲ ಮೇಲೆ ನೀನು ತಲೆ ಸುತ್ತಿ ಬಿದ್ದ ದಿನದಿಂದ ನನ್ನ ಜೀವ ಜೀವದಲ್ಲಿರಲಿಲ್ಲ. ಇನ್ನು ಆ ಯೋಚನೆ ಇಲ್ಲ. ಚೆನ್ನಾಗಿ ಮಲಗು.

ನನ್ನ ನಿದ್ದೆಯ ಚಿಂತೆ ಬೇಡ. ಅದೇನು ಮಾಯವೋ, ನೀನು ಹೋದ ಮೇಲೆ ಮೈ ದಾರಿಗೆ ಬಂದಿದೆ. ರಾತ್ರಿ ದೀಪ ಆರಿಸಿ ಮಲಗಿದರೆ ಬೆಳಗಾದ ಮೇಲೆಯೇ ಎಚ್ಚರ. ಬೀದಿಯಲ್ಲಿ ವಿಶೇಷವೇನಿಲ್ಲ. ನಮ್ಮ ಮನೆ ಮುಂದಿನ ದೀಪ ನಡುರಾತ್ರಿ ಕಳೆದರೆ ಮಿಣುಕುತ್ತದೆ, ಬೆಳಗಿನ ಜಾವ ತಾನಾಗಿಯೇ ಸರಿಹೋಗುತ್ತದೆ. ಹಾಲಿನ ಗಾಡಿಗೆ ಹೊಸಬ ಬಂದಿದ್ದಾನೆ. ಕತ್ತಲಲ್ಲಿ ಟಾರ್ಚು ಬಾಯಲ್ಲಿ ಕಚ್ಚಿಕೊಂಡು ಡಬ್ಬ ಇಳಿಸುತ್ತಾನೆ, ಪಾಪ. ಎದುರು ಮನೆಯ ಮಾಳಿಗೆಯ ಮೇಲೆ ಬೆಕ್ಕೊಂದು ಗೂಬೆಯ ಹಾಗೆ ಕೂತಿರುತ್ತದೆ. ಇದೆಲ್ಲ ಅವರಿವರು ಹೇಳಿದ್ದು.

ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ. ನಿನ್ನ ತಂಗಿಗೆ ನನ್ನ ಆಶೀರ್ವಾದ.

ಇಂತಿ,
ನಾನು


ಫೆಬ್ರವರಿ 23

ಇವರಿಗೆ,

ನಿಮಗೆ ನಿದ್ದೆ ಹತ್ತುತ್ತಿದೆ ಎಂದು ಓದಿ ತಂಗಿಗೂ ಓದಿ ಹೇಳಿದೆ. "ನೋಡಿದ್ಯಾ, ನೀನೇ ಭಾವನ ನಿದ್ದೆ ಕೆಡಿಸ್ತಿದ್ದೆ ಅನ್ಸುತ್ತೆ" ಎಂದು ನಕ್ಕಳು. ನಾನೂ ನಕ್ಕೆ. ಆಮೇಲೆ ಯೋಚಿಸಿದರೆ ಇದ್ದರೂ ಇರಬಹುದು ಎನಿಸಿತು. ಮಗ್ಗುಲು ಬದಲಿಸುತ್ತಾ ನಿಟ್ಟುಸಿರು ಬಿಡುತ್ತಾ ಪಕ್ಕದಲ್ಲಿ ಒಬ್ಬಳು ಬಿದ್ದಿದ್ದರೆ ಯಾರಿಗೆ ತಾನೆ ನಿದ್ದೆ ಬರುತ್ತದೆ?

ನಾನಿಲ್ಲಿ ಆರಾಮ. ಇಲ್ಲಿಯ ಡಾಕ್ಟರು ನೋಡಿ ಪರವಾಗಿಲ್ಲ ಎಂದರು. ತಂಗಿಯ ಪರದೆಗಳಿಗೆಲ್ಲ ಅಂಚು ಹೊಲಿದೆ. ದಿಂಬಿನ ಚೀಲಗಳಾದವು. ಈಗ ಅವಳ ಹಳೆಯ ಸ್ವೆಟರ್ ಬಿಚ್ಚಿ ಹೊಸದಾಗಿ ಹೆಣೆಯುತ್ತಿದ್ದೇನೆ. "ಇದನ್ನೆಲ್ಲ ಯಾವಾಗ ಮಾಡ್ತೀಯೆ ನೀನು? ನಾನು ಮಲಗೋವಾಗ ಒಂದು ತೋಳೂ ಇರ್ಲಿಲ್ಲ" ಎಂದು ಅವಳು ಕೇಳಿದಳು. ಅವಳಿಗೆ ಮರೆವು ಶುರುವಾಗಿದೆ ಎಂದು ಕಾಣುತ್ತದೆ.

ಡಾಕ್ಟರು ಹೇಳಿದ ದಿನಗಳು ಮುಗಿದವು. ಮಾರ್ಚ್ ಮೂರನೇ ಭಾನುವಾರದ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಇದೆಯಂತೆ. ಬರಲೋ, ಇನ್ನು ಸ್ವಲ್ಪ ದಿನ ಇರಲೋ, ನೀವು ಹೇಗೆ ಹೇಳಿದರೆ ಹಾಗೆ. ಟೈಲರ್ ಬೇರೆ ಕಾಯುತ್ತಿದ್ದಾನಲ್ಲ.

ನಿಮ್ಮವಳು


ಮಾರ್ಚ್ 2

ಇವಳೇ,

ಆ ಭಾನುವಾರ ಬರಬೇಡ. ಟೈಲರ್‌ನ ವಿಷಯ ತಲೆಗೆ ಹಚ್ಚಿಕೊಳ್ಳಬೇಡ. ನಿನ್ನ ಬಿ.ಪಿ.ಗಿಂತ ಊರವರ ಗುಂಡಿ ದೊಡ್ಡದಲ್ಲ. ನೀನಾಗಿಯೇ ಆರಾಮ ಎಂದು ಬರೆದಿದ್ದೀಯ. ಇಷ್ಟು ವರ್ಷಕ್ಕೆ ಸಿಕ್ಕಿದ ನಿದ್ದೆಯನ್ನು ಅರ್ಧಕ್ಕೆ ಬಿಟ್ಟು ಬರುವುದು ಯಾಕೆ? ಬೇಸಿಗೆ ಕಳೆಯಲಿ. ಇನ್ನೂ ಬೇಕೆನಿಸಿದರೆ ಇನ್ನೂ ಇರು.

ನನಗೆ ಏನೂ ತೊಂದರೆಯಿಲ್ಲ. ಹಾಸಿಗೆ ಪೂರ್ತಿ ನನ್ನದೇ. ಕೈಕಾಲು ಚಾಚಿ ರಾಜನ ಹಾಗೆ ಮಲಗುತ್ತೇನೆ. ಒಬ್ಬನೇ ಇದ್ದರೆ ಇಷ್ಟು ಸುಖ ಎಂದು ಗೊತ್ತಿದ್ದರೆ ನಿನ್ನನ್ನು ಮೊದಲೇ ಕಳಿಸುತ್ತಿದ್ದೆ. ತಮಾಷೆಗೆ ಅಂದೆ.

ಇಂತಿ,
ನಾನು


ಮಾರ್ಚ್ 29

ಇವರಿಗೆ,

ನಿಮ್ಮ ಕಾಗದ ಬಂದು ಬಹಳ ದಿನವಾಯಿತು. ಬರೆಯಲು ಬಿಡುವಾಗಲಿಲ್ಲ.

ನಾನಿಲ್ಲದಿದ್ದರೆ ನಿಮಗೆ ಸುಖವಾಗಿ ನಿದ್ದೆ ಬರುತ್ತದೆ ಎಂದು ತಿಳಿದು ಸಂತೋಷವಾಯಿತು. ನನಗೂ ಬರುತ್ತಿದೆ. ಇಲ್ಲೇ ಇರುತ್ತೇನೆ. ತಂಗಿಯ ಲಾಂಡ್ರಿಯಲ್ಲಿ ಹರಿದ ಬಟ್ಟೆಗಳಿಗೆ ತೇಪೆ ಹಾಕಲು ಜನ ಬೇಕಂತೆ. ಹಗಲು ಅಲ್ಲಿಗೆ ಹೋಗುತ್ತಿದ್ದೇನೆ.

ಚಳಿಗಾಲದ ಹೊದಿಕೆ ಬಿಸಿಲಿಗೆ ಹಾಕಿ ಮಡಿಸಿಡಿ.


ಏಪ್ರಿಲ್ 8

ಇವಳೇ,

ಈ ಸಲ ನಿನ್ನ ಕಾಗದ ಚಿಕ್ಕದಿತ್ತು. ನೆಮ್ಮದಿಯಾಗಿರುವವರಿಗೆ ಬರೆಯಲು ಹೆಚ್ಚೇನಿರುತ್ತದೆ ಎಂದುಕೊಂಡೆ. ಕೆಳಗೆ ಹೆಸರಿನ ಜಾಗದಲ್ಲಿ ಏನೂ ಬರೆದಿರಲಿಲ್ಲ. ಕೆಲಸಕ್ಕೆ ಹೊತ್ತಾಗಿರಬೇಕು.

ನಿನ್ನೆ ಹೊದಿಕೆ ಮಡಿಸುತ್ತಿದ್ದಾಗ ಒಂದು ನೆನಪಾಯಿತು. ಮದುವೆಯಾದಾಗಿನಿಂದ ಒಂದೇ ಹಾಸಿಗೆಯನ್ನು ನಾವು ಪಾಳಿಯ ಮೇಲೆ ಬಳಸಿದವರು. ನಾನು ಬೆಳಿಗ್ಗೆ ಮೈಯೆಲ್ಲ ಹಿಟ್ಟು ಮಾಡಿಕೊಂಡು ಬರುವಾಗ ನೀನು ಎದ್ದಿರುತ್ತಿದ್ದೆ. ನೀನು ಮಲಗಿದ್ದ ಕಡೆ ಇನ್ನೂ ಬೆಚ್ಚಗಿರುತ್ತಿತ್ತು. ನಾನು ಅಲ್ಲೇ ಮಲಗುತ್ತಿದ್ದೆ. ಇದನ್ನು ನಿನಗೆ ಯಾವತ್ತೂ ಹೇಳಿರಲಿಲ್ಲ. ನಿವೃತ್ತಿಯಾದ ದಿನ ಇಬ್ಬರೂ ಒಟ್ಟಿಗೆ ಮಲಗಲು ಹೋಗಿ, ಯಾರು ಯಾವ ಕಡೆ ಎಂದು ಗೊತ್ತಾಗದೆ ಹಾಸಿಗೆಯ ಎರಡು ಬದಿ ನಿಂತು ನಕ್ಕೆವಲ್ಲ. "ಮಕ್ಕಳಿದ್ದಿದ್ರೆ ಇಷ್ಟು ಹೊತ್ತಿಗೆ ಮಧ್ಯದಲ್ಲಿ ಯಾರಾದ್ರೂ ಮಲಗಿರ್ತಿದ್ರು" ಎಂದೆ ನೀನು. ಆಮೇಲೆ ನಾನು ದೀಪ ಆರಿಸಿದೆ.

ನನ್ನಿಂದ ನಿನಗೆ ರಾತ್ರಿಯ ನೆಮ್ಮದಿ ಸಿಗಲಿಲ್ಲ. ಈಗ ಸಿಕ್ಕಿದೆಯಲ್ಲ, ಅಷ್ಟು ಸಾಕು.

ನಾನು ಚೆನ್ನಾಗಿದ್ದೇನೆ. ಮೊನ್ನೆ ಬ್ರಷ್ಷಿಗೆ ಗಡ್ಡದ ಕ್ರೀಮು ಹಾಕಿ ಹಲ್ಲುಜ್ಜಿದೆ. ರಸ್ತೆ ದಾಟುವಾಗ ಆಟೋದವನು ಬೈದು ಹೋದ. ಅವನ ಬಾಯಿ ನೋಡಿ ಬೈಗುಳವೆಂದು ಗೊತ್ತಾಯಿತು. ವಯಸ್ಸಾದರೆ ಇವೆಲ್ಲ ಇದ್ದದ್ದೇ. ಬೇಕರಿಯ ಕಡೆ ಒಮ್ಮೊಮ್ಮೆ ಹೋಗಿ ಕೂತು ಬರುತ್ತೇನೆ. ಹಳೆಯ ಭಟ್ಟಿ ಇನ್ನೂ ಉರಿಯುತ್ತಿದೆ. ಭಟ್ಟಿಯ ಹತ್ತಿರ ಕೂತರೆ ಮೈಗೆ ಹಿತ.

ಇಂತಿ,
ನಾನು


ಮೇ 6

ಇವಳೇ,

ಅಕ್ಷರ ನೋಡಿ ಗಾಬರಿಯಾಗಬೇಡ. ನನ್ನ ಕನ್ನಡಕ ಬಿದ್ದು ಒಡೆದಿದೆ. ನಾನು ಹೇಳುತ್ತಿದ್ದೇನೆ, ಟೈಲರ್ ಬರೆಯುತ್ತಿದ್ದಾನೆ. ಅವನ ಅಕ್ಷರ ಅವನ ಹೊಲಿಗೆಯಷ್ಟು ನೇರವಾಗಿಲ್ಲ, ಸಹಿಸಿಕೋ.

ಊರಿನಲ್ಲಿ ಎಲ್ಲ ಕ್ಷೇಮ. ನೀನು ಹೇಗಿದ್ದೀಯ? ತೇಪೆ ಹಾಕುವ ಕೆಲಸದಲ್ಲಿ ಕಣ್ಣಿಗೆ ಆಯಾಸ ಮಾಡಿಕೊಳ್ಳಬೇಡ. ರಾತ್ರಿ ಬೇಗ ಮಲಗು. ನನಗೆ ನಿದ್ದೆಗೇನೂ ಕಡಿಮೆಯಿಲ್ಲ. ಇಲ್ಲಿಗೆ ಬರುವ ಅವಸರ ಮಾಡಬೇಡ.

ಇಂತಿ,
ನಾನು

ಅಕ್ಕಾ, ಇನ್ನು ಮುಂದಿನದು ನಾನೇ ಬರೆಯುತ್ತಿರುವುದು. ಭಾವನಿಗೆ ಗೊತ್ತಿಲ್ಲ. ಕನ್ನಡಕಕ್ಕೇನೂ ಆಗಿಲ್ಲ. ನಾವು ಆಸ್ಪತ್ರೆಯಲ್ಲಿದ್ದೇವೆ.

ನೀವು ಹೋದಾಗಿನಿಂದ ಅವರು ರಾತ್ರಿ ಮಲಗಿದ್ದನ್ನು ನಾನಂತೂ ಕಾಣೆ. ಅಂಗಡಿ ಮುಚ್ಚುವಾಗ ನೋಡಿದರೆ ಕಿಟಕಿಯಲ್ಲಿರುತ್ತಿದ್ದರು, ತೆಗೆಯುವಾಗ ನೋಡಿದರೂ ಅಲ್ಲೇ. ಮೊದಲಾದರೂ ಹಗಲು ಮಲಗುತ್ತಿದ್ದರು, ಈಚೆಗೆ ಅದೂ ಹೋಯಿತು. ಮಧ್ಯಾಹ್ನ ನನ್ನ ಅಂಗಡಿಗೆ ಬಂದು ನೀವು ಕೂರುವ ಸ್ಟೂಲಿನ ಮೇಲೆ ಕೂರುತ್ತಿದ್ದರು. ಕಣ್ಣು ಕೆಂಡದ ಹಾಗಿರುತ್ತಿತ್ತು. ಕಳೆದ ತಿಂಗಳಿಂದ ರಾತ್ರಿ ಬೇಕರಿಗೆ ಹೋಗಲು ಶುರು ಮಾಡಿದರು. ಸಂಬಳಕ್ಕಲ್ಲ. "ಅಲ್ಲಿ ಎಚ್ಚರವಾಗಿರೋರು ನಾಲ್ಕು ಜನ ಸಿಗ್ತಾರೆ ಕಣೋ" ಎನ್ನುತ್ತಿದ್ದರು.

ಹೋದ ವಾರ ಟ್ರೇ ಎಳೆಯಲು ಭಟ್ಟಿಯ ಬಾಯಿಗೆ ನಿಂತಲ್ಲೇ ಜೋಂಪು ಹತ್ತಿ ಮುಂದಕ್ಕೆ ವಾಲಿದ್ದಾರೆ. ಬಲಗೈ ಮೊಣಕೈವರೆಗೆ ಸುಟ್ಟಿದೆ. ಸಕ್ಕರೆ ಕಾಯಿಲೆಯಿಂದ ಗಾಯ ಒಣಗುತ್ತಿಲ್ಲ, ಜ್ವರವೂ ಇಳಿಯುತ್ತಿಲ್ಲ. ನಿಮ್ಮ ತಂಗಿಯ ಫೋನ್ ನಂಬರು ಕೇಳಿದೆ, ಕೊಡಲಿಲ್ಲ. "ಬೇಡಪ್ಪ. ಅವಳಿಗೆ ಅಲ್ಲಿ ನಿದ್ದೆ ಹತ್ತಿದೆ, ಕೆಡಿಸ್ಬೇಡ" ಎಂದರು.

ಕೆಡಿಸುತ್ತಿದ್ದೇನೆ ಅಕ್ಕ. ಬನ್ನಿ.


ಜೂನ್ 21

ತಂಗೀ,

ನಿನ್ನ ಎರಡು ಕಾಗದಕ್ಕೂ ನಾನು ಉತ್ತರ ಬರೆದಿಲ್ಲ. ಕಡೆಯ ದಿನ ಏನಾಯಿತು ಎಂದು ನೀನು ಫೋನಿನಲ್ಲಿ ಕೇಳಿದೆ. ಆಗ ಹೇಳಲು ಬಾಯಿ ಬರಲಿಲ್ಲ. ಇವತ್ತು ಬರೆದುಬಿಡುತ್ತೇನೆ.

ನಿನ್ನ ಮನೆಯಿಂದ ಹೊರಟವಳು ಬಸ್ಸಿಳಿದು ನೇರ ಆಸ್ಪತ್ರೆಗೇ ಹೋದೆ. ಉದ್ದನೆಯ ವಾರ್ಡು. ಇವರದು ಕೊನೆಯಿಂದ ಎರಡನೆಯ ಮಂಚ. ಕೈಗೆ ತೋಳಿನವರೆಗೆ ಬಟ್ಟೆ ಸುತ್ತಿದ್ದರು. ನನ್ನನ್ನು ನೋಡಿ, ಬಂದೆಯಾ ಎಂದು ಕೇಳಲಿಲ್ಲ. "ಯಾಕೆ ಬಂದೆ? ನಿನ್ನ ನಿದ್ದೆ?" ಎಂದು ಗದರಿದರು.

ಕಿವಿಯ ಹತ್ತಿರ ಬಾಯಿಟ್ಟು ಕೂಗಿ ಹೇಳಿದೆ. "ಅಲ್ಲಿ ನಾನು ನೆಟ್ಟಗೆ ಮಲಗಿದ್ದು ಮೊದಲನೇ ವಾರ ಅಷ್ಟೇ ರೀ." ವಾರ್ಡಿಗೆಲ್ಲ ಕೇಳಿಸಿತು. ಪಕ್ಕದ ಮಂಚದವರು ನಗುತ್ತಾ ಆ ಕಡೆ ತಿರುಗಿಕೊಂಡರು.

"ಮತ್ತೆ ಚೆನ್ನಾಗಿ ಬರ್ತಿದೆ ಅಂತ ಬರೆದೆಯಲ್ಲ?"

"ನೀವೂ ಬರೆದ್ರಲ್ಲ?"

"ಹಾಗಾದ್ರೆ ಇಷ್ಟು ದಿನ ನಾವು..." ಎಂದು ಶುರು ಮಾಡಿದವರು ಅಷ್ಟಕ್ಕೇ ನಿಲ್ಲಿಸಿದರು. ಮುಂದಿನದು ಇಬ್ಬರಿಗೂ ಗೊತ್ತಿತ್ತು.

ನೀನು ಬೇಸರ ಮಾಡಿಕೊಳ್ಳಬೇಡ. ನಿನ್ನ ಮನೆಯಲ್ಲಿ ನನಗೆ ಯಾವುದಕ್ಕೂ ಕಡಿಮೆಯಿರಲಿಲ್ಲ. ನಾನು ರಾತ್ರಿ ಹೆಣೆಯುತ್ತಾ ಕೂರುವುದನ್ನು ನೀನು ಒಂದು ದಿನ ಕಂಡು, "ಭಾವನಿಗೆ ಬರೀತೀನಿ ನೋಡು" ಎಂದೆ. ನಾನು ನಿನ್ನ ಕೈ ಹಿಡಿದು ಬೇಡವೆಂದೆ. ಆ ವಿಷಯ ನಿನ್ನನ್ನು ಕೊರೆಯುತ್ತಿದೆ ಎಂದು ಬರೆದಿದ್ದೀಯ. ಬಿಡು. ನೀನು ಬರೆದಿದ್ದರೂ ನಾನು ಇಲ್ಲವೆಂದು ಇನ್ನೊಂದು ಬರೆಯುತ್ತಿದ್ದೆ. ಇಲ್ಲಿದ್ದಾಗ ಇವರು ಪಾತ್ರೆ ಬೀಳಿಸಿ ಎಚ್ಚರ ಮಾಡುತ್ತಿದ್ದರು. ಬೈದುಕೊಂಡು ಮತ್ತೆ ಕಣ್ಣು ಮುಚ್ಚುತ್ತಿದ್ದೆ. ಮನೆಯಲ್ಲಿ ಇದ್ದಾರೆ ಎಂದು ಗೊತ್ತಾಗುತ್ತಿತ್ತು. ನಿನ್ನಲ್ಲಿ ತಾನಾಗಿಯೇ ಎಚ್ಚರವಾಗುತ್ತಿತ್ತು, ಆಮೇಲೆ ಏನೂ ಕೇಳಿಸುತ್ತಿರಲಿಲ್ಲ. ಇವರು ಅಲ್ಲಿ ಕೈಕಾಲು ಚಾಚಿ ಸುಖವಾಗಿ ಮಲಗಿರುತ್ತಾರೆ ಎಂದು ನೆನೆದು, ಹೆಣೆದದ್ದನ್ನೇ ಬಿಚ್ಚಿ ಮತ್ತೆ ಹೆಣೆಯುತ್ತಿದ್ದೆ. ಈ ವಯಸ್ಸಿನಲ್ಲಿ ಅಂಥ ಹೊಟ್ಟೆಕಿಚ್ಚು.

ಗಾಯದ ನಂಜು ರಕ್ತಕ್ಕೆ ಇಳಿದಿದೆ ಎಂದು ಡಾಕ್ಟರು ನನ್ನನ್ನು ಹೊರಗೆ ಕರೆದು ಹೇಳಿದರು. "ಮೈಯಲ್ಲಿ ಶಕ್ತಿ ಇಲ್ಲಮ್ಮ, ತಿಂಗಳುಗಟ್ಟಲೆ ನಿದ್ದೆಗೆಟ್ಟ ಮೈ" ಎಂದರು. ರಾತ್ರಿಗಳು ಕಷ್ಟವಾಗಿದ್ದವು. ಜ್ವರದಲ್ಲಿ ಹಿಟ್ಟು ಹುದುಗಿತಾ, ಟ್ರೇ ತೆಗೆದರಾ ಎಂದು ಯಾರನ್ನೋ ಕೇಳುತ್ತಿದ್ದರು. ನಾನು ಸ್ಟೂಲಿನ ಮೇಲೆ ಕೂತು, ಆಯಿತು, ತೆಗೆದರು ಎನ್ನುತ್ತಿದ್ದೆ.

ಅವತ್ತು ಮಧ್ಯಾಹ್ನ ಮೈ ತಣ್ಣಗಿತ್ತು. ಎರಡು ಚಮಚ ಗಂಜಿ ಕುಡಿದರು. ಮಾತು ನೇರವಾಗಿತ್ತು. ನಾನು ಕೂತಲ್ಲೇ ತೂಕಡಿಸುವುದನ್ನು ನೋಡಿ, "ತಲೆ ಇಡು ಇಲ್ಲಿ" ಎಂದು ಎಡಗೈಯಿಂದ ಮಂಚದ ಅಂಚು ತಟ್ಟಿದರು. "ನರ್ಸ್ ಬೈತಾರೆ" ಎಂದೆ. "ಬೈದ್ರೆ ನನಗೆ ಕೇಳ್ಸಲ್ಲ" ಎಂದರು.

ತಲೆ ಇಟ್ಟೆ. ಅಷ್ಟೇ ಗೊತ್ತು. ಊಟದ ಗಾಡಿ ಬಂದು ಹೋಯಿತಂತೆ, ನೋಡಲು ಬಂದವರ ಹೊತ್ತು ಮುಗಿಯಿತೆಂದು ಗಂಟೆ ಹೊಡೆದರಂತೆ. ನನಗೆ ಒಂದರ ಅರಿವೂ ಇಲ್ಲ. ಅಂಥ ನಿದ್ದೆ ನಾನು ಚಿಕ್ಕವಳಿದ್ದಾಗ ಮಾಡಿದ್ದೆನೋ ಏನೋ. ಕನಸಿಲ್ಲ, ಮಗ್ಗುಲು ಬದಲಿಸಿದ ನೆನಪಿಲ್ಲ. ನರ್ಸು ಭುಜ ಅಲುಗಿಸಿದಾಗ ಕಿಟಕಿಯಲ್ಲಿ ಸಂಜೆ ಬಿಸಿಲಿತ್ತು. ಆಹಾ, ಎಷ್ಟು ಚೆನ್ನಾಗಿ ಮಲಗಿದೆ ಎಂದು ಮೊದಲು ಅನಿಸಿತು ಕಣೆ. ಆಮೇಲೆ ಅವಳ ಮುಖ ನೋಡಿದೆ.

ಅವಳೇ ಹೇಳಿದಳು. ನಡುವೆ ಒಮ್ಮೆ ಇವರಿಗೆ ಉಸಿರು ಏರಿತಂತೆ. ಅವಳು ಬಂದು ನೋಡಿ, ಡಾಕ್ಟರನ್ನು ಕರೆಯಲು ಹೋಗುವ ಮೊದಲು ನನ್ನನ್ನು ಏಳಿಸಲು ಕೈ ಚಾಚಿದಳಂತೆ. ಇವರು ಅವಳ ತೋಳು ಹಿಡಿದರಂತೆ. "ಏಳಿಸ್ಬೇಡಮ್ಮ. ಪಾಪ, ಇವತ್ತು ಅವಳಿಗೆ ನಿದ್ದೆ ಬಂದಿದೆ" ಎಂದರಂತೆ. ಕಿವಿ ಹೋದ ಮೇಲೆ ಮೆತ್ತಗೆ ಮಾತಾಡುವುದನ್ನೇ ಮರೆತಿದ್ದವರು, ಅದನ್ನು ಮಾತ್ರ ಪಿಸುಗುಟ್ಟಿದರಂತೆ. ಡಾಕ್ಟರು ಬರುವಷ್ಟರಲ್ಲಿ ಮುಗಿದಿತ್ತು.

ಇದನ್ನು ಕೇಳಿದವರೆಲ್ಲ ಕಣ್ಣೊರೆಸಿಕೊಳ್ಳುತ್ತಾರೆ. ಎಂಥಾ ಜೀವ, ಎಷ್ಟು ಪ್ರೀತಿ ಎನ್ನುತ್ತಾರೆ. ಟೈಲರ್ ಅಂಗಡಿಗೆ ಬೀಗ ಹಾಕಿ ಒಂದು ದಿನವಿಡೀ ಬಂದು ಕೂತಿದ್ದ, ಅವನೂ ಅದನ್ನೇ ಹೇಳಿದ. ನಾನು ತಲೆಯಾಡಿಸುತ್ತೇನೆ. ನಿನ್ನ ಹತ್ತಿರ ಮಾತ್ರ ಹೇಳುತ್ತಿದ್ದೇನೆ, ನನಗೆ ಸಿಟ್ಟು ಇನ್ನೂ ಇಳಿದಿಲ್ಲ. ನಾನು ಕೇಳಿದ್ದೆನಾ ಆ ನಿದ್ದೆಯನ್ನು? ಕಣ್ಣು ಬಿಟ್ಟುಕೊಂಡು ಕೈ ಹಿಡಿದು ಕೂತಿರುತ್ತಿದ್ದೆ. ಅವರೂ ಏನಾದರೂ ಅನ್ನುತ್ತಿದ್ದರು. ನಾನೂ ಏನಾದರೂ ಅನ್ನುತ್ತಿದ್ದೆ.

ಮತ್ತೆ ನಿನ್ನಲ್ಲಿಗೆ ಬಾ ಎಂದು ಕರೆದಿದ್ದೀಯ. ಸದ್ಯಕ್ಕೆ ಬೇಡ. ಬಿಡುವಾದಾಗ ನೀನೇ ಬಾ. ಈಗ ರಾತ್ರಿ ಮನೆಯಲ್ಲಿ ಯಾವ ಸದ್ದೂ ಇಲ್ಲ. ಆದರೂ ಎಚ್ಚರವಾಗುತ್ತದೆ. ಎದ್ದು ಅಡುಗೆಮನೆಯ ಬಾಗಿಲವರೆಗೆ ಹೋಗಿ ಬರುತ್ತೇನೆ. ಇಷ್ಟು ವರ್ಷ ಏನೇನೋ ಬೀಳಿಸಿ ಎಬ್ಬಿಸಿದ ಮನುಷ್ಯ, ಅವತ್ತೊಂದು ಸಲ ಎಬ್ಬಿಸಿದ್ದರೆ ನಾನು ಬೈಯುತ್ತಿರಲಿಲ್ಲ.

ಅಕ್ಕ